ಕಚ್ಚುವ ನಲ್ಲಿ

ಸೆಪ್ಟೆಂಬರ್ 12, 1991, ಗುರುವಾರ

ನಮ್ಮ ಬೀದಿಯ ಸರದಿ ಕೊನೆಗೂ ಬಂತು. ನೀರಿನ ಕಂಪನಿಯವರು ಬೆಳಿಗ್ಗೆಯೇ ಬಂದು ಬಾಗಿಲ ಮುಂದೆ ಗುಂಡಿ ತೋಡಿದರು. ಅಜ್ಜಂದಿರ ಕಾಲದ ಸೀಸದ ಪೈಪು ಕಿತ್ತು, ನೀಲಿ ಪ್ಲಾಸ್ಟಿಕ್ ಪೈಪು ಹಾಕಿ, ಸಂಜೆಯೊಳಗೆ ಗುಂಡಿ ಮುಚ್ಚಿಕೊಂಡು ಹೋದರು. ಸೀಸದ ನೀರು ತಲೆಗೆ ಒಳ್ಳೆಯದಲ್ಲವಂತೆ. "ಇನ್ಮೇಲೆ ಅಮ್ಮನ ನೆನಪು ಚುರುಕಾಗುತ್ತೆ ನೋಡು," ಎಂದ ಡೆರೆಕ್. ಗಂಡನ ಮಾತಿಗೆ ನಗಬಾರದಿತ್ತು, ನಕ್ಕುಬಿಟ್ಟೆ.

ಅವನ ಅಮ್ಮ ಎಡಿತ್ ದಿನವಿಡೀ ಕೆಲಸದವರ ತಲೆಯ ಮೇಲೆಯೇ ನಿಂತಿದ್ದಳು. ಎಂಬತ್ತೊಂದು ವರ್ಷ, ಮಂಡಿ ಎರಡೂ ಕೆಟ್ಟಿವೆ, ಬಾಯಿ ಮಾತ್ರ ಗಟ್ಟಿ.

"ಅಜ್ಜೀ, ನೀವೇ ಇಳಿದುಬಿಡಿ ಗುಂಡಿಗೆ," ಎಂದ ಒಬ್ಬ ರೇಗಿ.

"ಇಳೀತೀನಿ. ನಿನ್ ಕೈಲಿ ಆಗಲ್ಲ ಅಂತ ಮೊದ್ಲು ಒಪ್ಕೋ."

ಅವನ ಜೊತೆಯವರು ಸಲಿಕೆ ಹಿಡಿದುಕೊಂಡೇ ನಕ್ಕರು. ಹೊರಗಿನವರಿಗೆ ಈ ಮುದುಕಿ ತಮಾಷೆ. ಮನೆಯೊಳಗೆ ಇಟ್ಟುಕೊಂಡವರಿಗೆ ಗೊತ್ತು ಪಾಡು.

ಈಸ್ಟರ್ ಹಬ್ಬದಿಂದ ಅವಳು ನಮ್ಮ ಮುಂದಿನ ಕೋಣೆಯಲ್ಲಿದ್ದಾಳೆ. ತನ್ನ ಮನೆಯಲ್ಲಿ ಗ್ಯಾಸ್ ತಿರುಗಿಸಿ ಕಡ್ಡಿ ಗೀರುವುದನ್ನೇ ಮರೆತುಬಿಡುತ್ತಿದ್ದಳು. ಒಮ್ಮೆಯಲ್ಲ, ಮೇಲಿಂದ ಮೇಲೆ. ಪಕ್ಕದವರು ಡೆರೆಕ್‌ಗೆ ಫೋನ್ ಮಾಡಿದರು, ಇವನು ಹೋಗಿ ಪೆಟ್ಟಿಗೆ ಸಮೇತ ಕರೆತಂದ. ನನ್ನ ಹೊಲಿಗೆ ಯಂತ್ರ ಈಗ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿದೆ. ಊರಾಚೆಯ ಬೀಚ್‌ವುಡ್ ವೃದ್ಧಾಶ್ರಮದಲ್ಲಿ ಅವಳ ಹೆಸರು ಬರೆಸಿದ್ದೇವೆ. ಅವಳಿಗೆ ಹೇಳಿಲ್ಲ. ಅಲ್ಲೊಂದು ಕೋಣೆ ಯಾವಾಗ ಖಾಲಿಯಾಗುತ್ತದೋ ಎಂದು ನಾನು ಕಾಯುತ್ತಿರುವುದನ್ನು ಬಾಯಿಬಿಟ್ಟು ಹೇಳಿದರೆ ಜನ ನನ್ನನ್ನೇ ಕೆಟ್ಟವಳು ಅಂದಾರು. ಅದಕ್ಕೇ ಇಲ್ಲಿ ಬರೆದುಕೊಳ್ಳುತ್ತಿದ್ದೇನೆ.

ಸೆಪ್ಟೆಂಬರ್ 20, ಶುಕ್ರವಾರ

ಶುಕ್ರವಾರ ಬಂತೆಂದರೆ ಹಿಂದಿನ ಅಡುಗೆಮನೆಯ ಜಗಳ. ಚಪ್ಪಡಿ ಕಲ್ಲಿನ ನೆಲವನ್ನು ನಾನು ಮಾಪಿನಲ್ಲಿ ಒರೆಸಿದರೆ ಅವಳಿಗೆ ಆಗುವುದಿಲ್ಲ. "ಕೊಳೆ ತಗೊಂಡೋಗಿ ಮೂಲೆಗೆ ದಬ್ಬೋದಕ್ಕೆ ಅಷ್ಟುದ್ದ ಕೋಲು ಯಾಕೆ?" ಎನ್ನುತ್ತಾಳೆ. ಚಾಪೆ ಎತ್ತಿ, ಕಾಲುಚೀಲ ಬಿಚ್ಚಿ, ಲಂಗ ಮೇಲೆ ಕಟ್ಟಿ, ಬರಿಮಂಡಿಯಲ್ಲಿ ಕೂತು ಸೋಪುನೀರು ಚೆಲ್ಲಿ ಬ್ರಷ್ಷಿನಿಂದ ಉಜ್ಜುತ್ತಾಳೆ. ಆಮೇಲೆ ಹೊಸಿಲಿಗೆ ಹಳದಿ ಕಲ್ಲು ತಿಕ್ಕಿ ಅಂಚು ಬರೆಯುತ್ತಾಳೆ. ಈ ಬೀದಿಯಲ್ಲಿ ಈಗ ಹಾಗೆ ಮಾಡುವವರು ಯಾರೂ ಉಳಿದಿಲ್ಲ. ಮಂಡಿ ನೋವು ಎಂದು ಆಮೇಲೆ ವಾರವಿಡೀ ಕೇಳುವವಳು ನಾನು.

ಇವತ್ತು ನಾನು ಸ್ಕೂಲಿನಿಂದ ಬಂದೆ. ಅಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುವುದು ನನ್ನ ಕೆಲಸ, ಮುಗಿಸಿ ಬರುವಷ್ಟರಲ್ಲಿ ಕಾಲು ಬಿದ್ದುಹೋಗಿರುತ್ತವೆ. ನೋಡಿದರೆ ಅವಳು ಒದ್ದೆ ನೆಲದ ಮೇಲೆ ಕಾಲು ಚಾಚಿಕೊಂಡು ಕೂತಿದ್ದಾಳೆ, ಮುಖ ಬಿಳಿಚಿದೆ.

"ನಲ್ಲಿ ಕಚ್ತು ಕಣೆ."

"ಏನು?"

"ಏಳೋಣ ಅಂತ ನಲ್ಲಿ ಹಿಡ್ಕೊಂಡೆ. ಕಚ್ತು. ಹೋದ ಶುಕ್ರವಾರನೂ ಕಚ್ತು, ನಾನು ಸುಮ್ನಿದ್ದೆ."

ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದೆ. ಕೈ ನೋಡಿದೆ, ಗಾಯವಿಲ್ಲ, ಗೀರಿಲ್ಲ. ನಲ್ಲಿಯನ್ನು ಒತ್ತಿ ನೋಡಿದೆ, ನಲ್ಲಿ ನಲ್ಲಿಯ ಹಾಗೇ ಇತ್ತು. ಪಾತ್ರೆ ತೊಳೆಯಲು ರಬ್ಬರ್ ಗ್ಲೌಸ್ ಆಗಲೇ ಹಾಕಿಕೊಂಡಿದ್ದೆ, ಗೋಡೆಯ ಮೇಲೆ ಡೆರೆಕ್‌ನ ಸ್ನಾನಕ್ಕೆ ನೀರು ಕಾಯಿಸುವ ಟ್ಯಾಂಕಿನ ಕೆಂಪು ದೀಪ ಉರಿಯುತ್ತಿತ್ತು, ಒಲೆಯ ಮೇಲೆ ಆಲೂಗಡ್ಡೆ ಬೇಯಬೇಕಿತ್ತು. ಹೆಚ್ಚು ಯೋಚಿಸಲಿಲ್ಲ.

ಸೆಪ್ಟೆಂಬರ್ 21, ಶನಿವಾರ

ಡೆರೆಕ್ ನಲ್ಲಿ ಪರೀಕ್ಷೆ ಮಾಡಿದ. ಕಾರ್ಖಾನೆಯ ದಪ್ಪ ಬೂಟು ಹಾಕಿಕೊಂಡು ಹೋಗಿ ನಲ್ಲಿಯನ್ನು ಹಿಡಿದ, ತಿರುಗಿಸಿದ, ಕೊನೆಗೆ ಮುತ್ತೂ ಕೊಟ್ಟ.

"ನೋಡಮ್ಮ, ಕಚ್ಚಲಿಲ್ಲ. ನಾನಂದ್ರೆ ಇಷ್ಟ ಅನ್ಸುತ್ತೆ ಅದಕ್ಕೆ."

"ಇವತ್ತು ಶನಿವಾರ. ಅದು ಕಚ್ಚೋದು ಶುಕ್ರವಾರ."

ಡೆರೆಕ್ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ನಲ್ಲಿಗೆ ವಾರ ತಿಳಿಯುತ್ತದೆ ಎಂದು ನಂಬುವವರನ್ನು ಎಷ್ಟು ದಿನ ಮನೆಯಲ್ಲಿ ಇಟ್ಟುಕೊಳ್ಳುವುದು?

ಸೆಪ್ಟೆಂಬರ್ 29, ಭಾನುವಾರ

ಈಗ ಹೊಸ ಅವತಾರ. ಬೆಳಿಗ್ಗೆ ಕೆಳಗಿಳಿದು ಬಂದರೆ ಮುದುಕಿ ರಾತ್ರಿಯಂಗಿಯ ಕೆಳಗೆ ಡೆರೆಕ್‌ನ ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟು, ಮರದ ಸೌಟಿನಿಂದ ನಲ್ಲಿ ತಿರುಗಿಸಿ ಕೆಟಲಿಗೆ ನೀರು ಹಿಡಿಯುತ್ತಿದ್ದಳು. ಬಟ್ಟಲುಗಳನ್ನೆಲ್ಲ ಹೊತ್ತುಕೊಂಡು ಮಹಡಿಯ ಬಾತ್‌ರೂಮಿಗೆ ಹೋಗಿ ತೊಳೆದು ತರುತ್ತಾಳೆ. ಅಲ್ಲಿನ ನಲ್ಲಿ ಕಚ್ಚುವುದಿಲ್ಲವಂತೆ, ಅದು ಒಳ್ಳೆಯ ನಲ್ಲಿಯಂತೆ. ಈ ಶುಕ್ರವಾರ ನೆಲ ಉಜ್ಜಲು ಅವಳು ಇಳಿಯಲೇ ಇಲ್ಲ. ನನಗೆ ಒಂದು ಕೆಲಸ ಕಡಿಮೆಯಾಯಿತು ಅಂದುಕೊಂಡೆ, ಆದರೆ ಚಪ್ಪಡಿಗಳ ಸಂದಿ ಕಪ್ಪಾಗುತ್ತಿದೆ.

ಡೆರೆಕ್ ಬೀಚ್‌ವುಡ್‌ಗೆ ಫೋನ್ ಮಾಡಿದ. ಮುಂದಿನ ತಿಂಗಳ ಕೊನೆಗೆ ಒಂದು ಕೋಣೆ ಖಾಲಿಯಾಗುತ್ತದಂತೆ. ಆದರೆ ಭ್ರಮೆ ಇರುವವರಾದರೆ ಮೇಲಿನ ಮಹಡಿ. ಅಲ್ಲಿ ಬಾಗಿಲಿಗೆ ಹೊರಗಿನಿಂದ ಚಿಲಕ. ಯಾವ ಮಹಡಿ ಎಂದು ನಿರ್ಧರಿಸಲು ಡಾಕ್ಟರು ಮನೆಗೇ ಬಂದು ನೋಡಬೇಕು. ಅಕ್ಟೋಬರ್ ಹದಿನಾಲ್ಕಕ್ಕೆ ಬರುತ್ತಾರೆ.

ಅಕ್ಟೋಬರ್ 3, ಗುರುವಾರ

ಅವಳಿಗೆ ಗೊತ್ತಾಗಿಬಿಟ್ಟಿದೆ. ನಾವಿಬ್ಬರು ಅಂಗಳದಲ್ಲಿ ನಿಂತು ಬೀಚ್‌ವುಡ್ ಬಗ್ಗೆ ಮಾತಾಡುತ್ತಿದ್ದೆವು, ಅವಳು ಕಿಟಕಿಯ ಗಾಜಿನ ಹಿಂದೆ ನಿಂತಿದ್ದಳು. ಕೇಳಿಸುವುದಿಲ್ಲ ಅಂದುಕೊಂಡೆವು. ನಲವತ್ತು ವರ್ಷ ಮಗ್ಗದ ಗದ್ದಲದಲ್ಲಿ ದುಡಿದವಳು, ತುಟಿ ಅಲ್ಲಾಡಿದರೆ ಸಾಕು ಮಾತು ಓದುತ್ತಾಳೆ. ಈ ಊರಿನ ಹಳೆಯ ನೇಕಾರ ಹೆಂಗಸರೆಲ್ಲ ಹಾಗೇ. ಮರೆತೇಹೋಗಿತ್ತು.

ಕೂಗಾಡುತ್ತಾಳೆ ಎಂದುಕೊಂಡೆ. ಕೂಗಾಡಲಿಲ್ಲ. ಡೆರೆಕ್ ಕೆಲಸಕ್ಕೆ ಹೋದ ಮೇಲೆ ನನ್ನ ತೋಳು ಹಿಡಿದುಕೊಂಡು ಅಡುಗೆಮನೆಗೆ ಕರೆದಳು.

"ನನ್ನ ಮಂಡಿ ಹೋಗಿದೆ ಐಲೀನ್, ತಲೆ ಹೋಗಿಲ್ಲ. ನನ್ನನ್ನ ಚಿಲಕದ ಹಿಂದೆ ಹಾಕ್ತಾರೆ. ಕೈ ಒದ್ದೆ ಮಾಡ್ಕೊಂಡು ಒಂದ್ಸಲ ಮುಟ್ಟಿ ನೋಡು. ಒಂದೇ ಸಲ."

ಗ್ಲೌಸ್ ತೆಗೆದೆ, ಕೈ ಒದ್ದೆ ಮಾಡಿಕೊಂಡೆ, ಚಾಪೆಯ ಮೇಲೆ ನಿಂತು ನಲ್ಲಿ ಹಿಡಿದೆ. ಏನೂ ಇಲ್ಲ. ತಣ್ಣಗಿತ್ತು, ಅಷ್ಟೇ.

"ಏನೂ ಆಗ್ಲಿಲ್ಲ," ಎಂದೆ.

"ಆಗ್ಲಿಲ್ವಾ?"

"ಇಲ್ಲ."

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಸುಳ್ಳು ಹೇಳುತ್ತಿದ್ದೇನೆಯೇ ಎಂದು ಹುಡುಕುತ್ತಿದ್ದಳು ಅನ್ನಿಸುತ್ತದೆ. ಇಲ್ಲವೆಂದು ಗೊತ್ತಾದಾಗ ಅವಳ ಕಣ್ಣಿನಲ್ಲಿ ಬಂದದ್ದು ಭಯ. ತನ್ನ ತಲೆಯ ಬಗ್ಗೆ ಅವಳಿಗೇ ಅನುಮಾನ ಹುಟ್ಟಿದ್ದನ್ನು ಇವತ್ತು ಮೊದಲ ಸಲ ಕಂಡೆ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನನಗೆ ಊಟ ಸೇರಲಿಲ್ಲ, ನಿನ್ನೆಯ ಮಾಂಸದ ಪೈ ಹಳಸಿತ್ತೋ ಏನೋ.

ಅಕ್ಟೋಬರ್ 7, ಸೋಮವಾರ

ವಿಶೇಷವಿಲ್ಲ. ಸ್ಕೂಲಿನಲ್ಲಿ ಕಸ್ಟರ್ಡ್ ಗಂಟು ಕಟ್ಟಿತು, ಮಕ್ಕಳು ಅದನ್ನೇ ಇಷ್ಟಪಟ್ಟು ತಿಂದರು. ಅವಳು ಮಾತಾಡುವುದು ಬಿಟ್ಟಿದ್ದಾಳೆ. ಮನೆ ಇಷ್ಟು ನಿಶ್ಶಬ್ದವಾಗಿದ್ದರೆ ಚೆನ್ನಾಗಿರುತ್ತದೆ ಅಂದುಕೊಂಡಿದ್ದೆ.

ಅಕ್ಟೋಬರ್ 11, ಶುಕ್ರವಾರ

ಅಕ್ಷರ ವಕ್ರವಾದರೆ ಆಗಲಿ, ಇವತ್ತೇ ಬರೆದಿಡಬೇಕು.

ಸೋಮವಾರ ಡಾಕ್ಟರು ಬರುತ್ತಾರೆ. ಆ ಕಪ್ಪು ನೆಲ ನೋಡಿ ಅವರು ಏನೆಂದುಕೊಂಡಾರು? ಅದು ನನ್ನ ನೆಲ ಎಂದು ಅವರಿಗೆ ಗೊತ್ತಾಗುವುದಿಲ್ಲ, ಮುದುಕಿಯ ಲೆಕ್ಕಕ್ಕೆ ಬರೆಯುತ್ತಾರೆ. ಸ್ಕೂಲಿನಿಂದ ಬಂದವಳೇ ಮಾಪು ಆಡಿಸಿದೆ, ಸಂದಿಯ ಕೊಳೆ ಬಿಡಲಿಲ್ಲ. ಕೊನೆಗೆ ಅವಳ ಬ್ರಷ್ಷನ್ನೇ ತೆಗೆದುಕೊಂಡೆ. ಚಾಪೆ ಎತ್ತಿದೆ, ಚಪ್ಪಲಿ ಹಾಳಾಗದಿರಲೆಂದು ಬಿಚ್ಚಿಟ್ಟೆ, ಕಾಲುಚೀಲ ಬಿಚ್ಚಿದೆ. ಗ್ಲೌಸಿನಲ್ಲಿ ಬ್ರಷ್ ಜಾರುತ್ತಿತ್ತು, ಅದನ್ನೂ ಕಿತ್ತೆಸೆದೆ. ಬರಿಮಂಡಿಯಲ್ಲಿ ಸೋಪುನೀರಿನೊಳಗೆ ಕೂತು ಉಜ್ಜಿದೆ. ಅರ್ಧ ನೆಲಕ್ಕೇ ಸೊಂಟ ಹಿಡಿದುಕೊಂಡಿತು. ಎಂಬತ್ತೊಂದು ವರ್ಷದ ಹೆಂಗಸು ವಾರವಾರ ಇದನ್ನು ಹೇಗೆ ಮಾಡುತ್ತಿದ್ದಳು ಎಂದು ಬೈದುಕೊಂಡೇ ಏಳಲು ನೋಡಿದೆ. ಹಿಡಿದುಕೊಳ್ಳಲು ಅಲ್ಲಿ ನಲ್ಲಿ ಬಿಟ್ಟರೆ ಬೇರೇನಿದೆ? ಹಿಡಿದೆ.

ಕಚ್ಚಿತು.

ಬೇರೆ ಮಾತು ಸಿಗುತ್ತಿಲ್ಲ. ಬೆರಳಿನಿಂದ ಮೊಣಕೈವರೆಗೆ ಯಾರೋ ಒಳಗಿಂದ ಜಗ್ಗಿದಂತಾಯಿತು, ಮಂಡಿಗಳಲ್ಲಿ ಜುಮ್ಮೆಂದು ಹರಿಯಿತು. ಮೇಲೇಳುತ್ತಿದ್ದವಳು ಹಿಂದಕ್ಕೆ ಬಿದ್ದೆ, ಬಿದ್ದದ್ದರಿಂದಲೇ ಕೈ ಬಿಟ್ಟುಹೋಯಿತು. ಬಕೆಟ್ಟು ಉರುಳಿತು.

ಸದ್ದಿಗೆ ಅವಳು ಬಂದಳು, ರಬ್ಬರ್ ಬೂಟು ತೊಟ್ಟುಕೊಂಡು. ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು, ನಲ್ಲಿಯನ್ನು ನೋಡಿದಳು. ನಾನು ಹೇಳಿರಲಿಲ್ಲವೇ ಎನ್ನುತ್ತಾಳೆ, ಜನ್ಮವಿಡೀ ಎನ್ನುತ್ತಾಳೆ ಎಂದುಕೊಂಡೆ. ಎನ್ನಲಿಲ್ಲ.

"ಎಲ್ಲೀವರೆಗೂ ಬಂತು?" ಎಂದಳು.

ಮೊಣಕೈ ತೋರಿಸಿದೆ.

"ನನಗೂ ಅಲ್ಲೀವರೆಗೇ," ಎಂದಳು. "ಅಯ್ಯೋ ಮಗಳೇ. ಏಳು, ಅದನ್ನ ಹಿಡೀಬೇಡ. ನನ್ನ ಕೈ ಹಿಡ್ಕೋ."

ಆ ಕೆಟ್ಟ ಮಂಡಿಗಳ ಮೇಲೆ ಬಾಗಿ ನನ್ನನ್ನು ಎಬ್ಬಿಸಿದಳು. ಮೂರು ಚಮಚ ಸಕ್ಕರೆ ಹಾಕಿ ಟೀ ಮಾಡಿ ಕೊಟ್ಟಳು. ನಾನು ಅತ್ತುಬಿಟ್ಟೆ. ಭಯಕ್ಕೆ ಅತ್ತೆನೋ ನಾಚಿಕೆಗೆ ಅತ್ತೆನೋ, ಎರಡಕ್ಕೂ ಇರಬೇಕು. ಅವಳೂ ಕಣ್ಣೊರೆಸಿಕೊಂಡಳು, ಆದರೆ ಅವಳದು ಸಮಾಧಾನದ ಅಳು. "ಹಾಗಾದ್ರೆ ನನ್ನ ತಲೆ ನೆಟ್ಟಗಿದೆ," ಎಂದು ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಳು. "ನೆಟ್ಟಗಿದೆ ಐಲೀನ್."

ಡೆರೆಕ್ ಬಂದ ತಕ್ಷಣ ವಿದ್ಯುತ್ ಮಂಡಳಿಗೆ ಫೋನ್ ಮಾಡಿಸಿದೆ. ಸ್ನಾನದ ನೀರು ಕಾದಿದೆ, ಆದರೆ ಯಾರೂ ಸ್ನಾನ ಮಾಡುವಂತಿಲ್ಲ ಎಂದು ಹೇಳಿ ಟ್ಯಾಂಕಿನ ಸ್ವಿಚ್ಚು ಆರಿಸಿದೆ.

ಅಕ್ಟೋಬರ್ 12, ಶನಿವಾರ

ಮಂಡಳಿಯಿಂದ ಕ್ಲಿಫರ್ಡ್ ಎನ್ನುವವನು ಬಂದ. ದಪ್ಪ ಮನುಷ್ಯ, ಬಾಯ್ತುಂಬ ಮಾತು.

"ನೈಲಾನ್ ಬಟ್ಟೆ ಹಾಕಿದ್ರಾ ತಾಯಿ? ನೈಲಾನಿಗೆ ಹಿಂಗೆಲ್ಲ ಚುರುಕ್ ಅನ್ನುತ್ತೆ. ನಮ್ಮ ಮನೇಲೂ ಬೆಕ್ಕು ಮುಟ್ಟಿದ್ರೆ..."

"ಬೆಕ್ಕಿನ ಸುದ್ದಿ ಆಮೇಲೆ," ಎಂದರು ಅತ್ತೆ. "ಮೊದ್ಲು ಆ ಟ್ಯಾಂಕಿನ ಸ್ವಿಚ್ ಹಾಕು, ಆಮೇಲೆ ನಿನ್ನ ಡಬ್ಬಿ ಹಿಡಿ. ಇದು ಶುಕ್ರವಾರದ ಕಾಯಿಲೆ. ಶುಕ್ರವಾರ ಏನೇನು ನಡೆಯುತ್ತೋ ಅದನ್ನೆಲ್ಲ ನಡೆಸಿ ನೋಡು."

ಅವರು ರಾತ್ರಿಯೆಲ್ಲ ಅದನ್ನೇ ಯೋಚಿಸಿದ್ದರಂತೆ. ನಮ್ಮ ಮನೆಯಲ್ಲಿ ಟ್ಯಾಂಕು ಉರಿಯುವುದು ಶುಕ್ರವಾರ ಮಾತ್ರ, ಎಲ್ಲರ ಸ್ನಾನದ ದಿನ. ಬೇರೆ ದಿನ ಗೋಡೆಯ ಸಣ್ಣ ಗ್ಯಾಸ್ ಗೀಸರಿನಲ್ಲೇ ನಡೆಯುತ್ತದೆ, ಡೆರೆಕ್‌ನ ಜಿಪುಣತನದ ಕಾನೂನು. ಕ್ಲಿಫರ್ಡ್ ನಗುತ್ತಲೇ ಸ್ವಿಚ್ ಹಾಕಿ, ಮೀಟರಿನ ಒಂದು ಕಡ್ಡಿ ನಲ್ಲಿಗೆ, ಇನ್ನೊಂದು ಒದ್ದೆ ನೆಲಕ್ಕೆ ಹಿಡಿದ. ಆಮೇಲೆ ಬೆಕ್ಕಿನ ವಿಷಯ ಎತ್ತಲಿಲ್ಲ. ಗ್ಯಾಸಿನ ಮೀಟರು ಇರುವ ಗೂಡಿಗೆ ತಲೆ ಹಾಕಿದ, ನೀರಿನ ಪೈಪು ಒಳಬರುವಲ್ಲಿ ಹೊಟ್ಟೆಯ ಮೇಲೆ ಮಲಗಿ ಟಾರ್ಚು ಬಿಟ್ಟ.

ವಿಷಯ ಇಷ್ಟು. ಟ್ಯಾಂಕಿನೊಳಗಿನ ಕಾಯಿಲ್ ಸೀಳಿ ಕರೆಂಟು ಪೈಪುಗಳಿಗೆ ಸೋರುತ್ತಿತ್ತು. ಎಷ್ಟು ವರ್ಷದಿಂದಲೋ. ಹಳೆಯ ಮನೆ, ಕರೆಂಟಿನ ಅರ್ಥಿಂಗ್ ಎಂದು ಬೇರೆ ತಂತಿಯೇ ಇರಲಿಲ್ಲ. ಆ ಕಾಲದಲ್ಲಿ ನೀರಿನ ಸೀಸದ ಪೈಪಿಗೆ ಒಂದು ತಂತಿ ಸುತ್ತಿ ಕೈತೊಳೆದುಕೊಂಡಿದ್ದರು. ಸೋರಿದ್ದೆಲ್ಲ ಆ ಪೈಪು ಹಿಡಿದು ಮಣ್ಣಿಗೆ ಇಳಿಯುತ್ತಿತ್ತು. ಗ್ಯಾಸಿನ ಕಬ್ಬಿಣದ ಪೈಪೂ ಸ್ವಲ್ಪ ಹೊರುತ್ತಿತ್ತು, ಅದನ್ನು ಕೆಲವು ವರ್ಷದ ಹಿಂದೆ ಬೀದಿಯಲ್ಲಿ ಹಳದಿ ಪ್ಲಾಸ್ಟಿಕ್ ಮಾಡಿದರು. ಮೊನ್ನೆ ನೀರಿನದೂ ನೀಲಿ ಪ್ಲಾಸ್ಟಿಕ್ ಆಯಿತು. ಕರೆಂಟಿಗೆ ಇಳಿಯಲು ಇದ್ದ ಕೊನೆಯ ದಾರಿ ಆ ಗುಂಡಿಯಲ್ಲಿ ಮುಚ್ಚಿಹೋಯಿತು.

"ರಬ್ಬರ್ ಮೆಟ್ಕೊಂಡು ನಿಂತೋರಿಗೆ, ಮಹಡಿಯ ಮರದ ನೆಲದ ಮೇಲೆ ನಿಂತೋರಿಗೆ ಗೊತ್ತಾಗಲ್ಲ. ಬರಿಮಂಡೀಲಿ ಒದ್ದೆ ಕಲ್ಲಿನ ಮೇಲೆ ಕೂತು ನಲ್ಲಿ ಹಿಡಿದ್ರೆ, ಮಣ್ಣಿಗೆ ಇಳಿಯೋ ದಾರಿ ನೀವೇ," ಎಂದ ಕ್ಲಿಫರ್ಡ್. ಆಮೇಲೆ ದನಿ ತಗ್ಗಿಸಿ ನನಗೊಬ್ಬಳಿಗೇ ಹೇಳಿದ: "ಸೀಳು ಇನ್ನೊಂಚೂರು ದೊಡ್ಡದಾಗಿದ್ರೆ, ಅಮ್ಮಾ, ಹಿಡಿದ ಕೈ ಬಿಡೋಕಾಗ್ತಿರಲಿಲ್ಲ."

ಅವನು ಬೀದಿಯ ಕೇಬಲ್ಲಿನಿಂದಲೇ ಮನೆಗೆ ಸರಿಯಾದ ಅರ್ಥ್ ಎಳೆದ. ಅಲ್ಲಿಂದ ಬೆರಳು ದಪ್ಪದ ಹಸಿರು-ಹಳದಿ ತಂತಿಗಳನ್ನು ಒಳಗಿನ ನೀರಿನ ಪೈಪಿಗೊಂದು, ಗ್ಯಾಸಿನ ಪೈಪಿಗೊಂದು ಪಟ್ಟಿ ಹಾಕಿ ಬಿಗಿದ. ಕಾಯಿಲ್ ಬದಲಾಯಿಸುವವರೆಗೆ ಟ್ಯಾಂಕು ಮುಟ್ಟಬೇಡಿ ಎಂದ. ಪಟ್ಟಿಯಿಂದ ತಗಡಿನ ಚೀಟಿ ನೇತಾಡುತ್ತಿದೆ: ಸುರಕ್ಷತೆಯ ಸಂಪರ್ಕ, ಕೀಳಬಾರದು.

ಡೆರೆಕ್ ಕೆಲಸ ಮುಗಿಯುವವರೆಗೂ ಅಂಗಳದಲ್ಲೇ ಸಿಗರೇಟು ಸೇದುತ್ತಿದ್ದ. ಆಮೇಲೆ ಒಳಗೆ ಬಂದು ಅಮ್ಮನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ. "ನಲ್ಲಿಗೆ ಮುತ್ತು ಬೇರೆ ಕೊಟ್ಟೆ," ಎಂದ. ಅವರು ಅವನ ಬೋಳುತಲೆಯ ಮೇಲೆ ಒಂದು ಮೊಟಕಿದರು. ಸೇಡು ಅಲ್ಲಿಗೆ ತೀರಿತು.

ಅಕ್ಟೋಬರ್ 14, ಸೋಮವಾರ

ಡಾಕ್ಟರ್ ಆಕ್ರಾಯ್ಡ್ ಬಂದರು. ತೆಳ್ಳಗಿನ, ಮೆಲುಮಾತಿನ ಮನುಷ್ಯ. ನಲ್ಲಿ ಕಚ್ಚುತ್ತದೆ ಎಂಬ ಭ್ರಮೆ ಎಂದು ಡೆರೆಕ್ ಫೋನಿನಲ್ಲಿ ಹೇಳಿದ್ದು ಅವರ ಹಾಳೆಯಲ್ಲಿ ಎಲ್ಲಕ್ಕಿಂತ ಮೇಲೆ ಇತ್ತು. ನಾನು ಅವರನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಹಸಿರು-ಹಳದಿ ತಂತಿ ತೋರಿಸಿದೆ. ನನ್ನನ್ನೂ ಕಚ್ಚಿತು, ಆ ಸಾಲನ್ನು ಮೊದಲು ಹೊಡೆದುಹಾಕಿ ಎಂದೆ. ದನಿ ಸ್ವಲ್ಪ ಜೋರಾಯಿತು. ಅವರು ಹೊಡೆದುಹಾಕಿದರು.

ಆಮೇಲೆ ಪ್ರಶ್ನೆಗಳು.

"ಇವತ್ತು ಯಾವ ವಾರ ಎಡಿತ್ ಅವರೇ?"

"ಸೋಮವಾರ. ಬಟ್ಟೆ ಒಗೆಯೋ ದಿನ. ನಿಮ್ಮಿಂದ ಹಾಳಾಯ್ತು."

"ದೇಶದ ಪ್ರಧಾನಿ ಯಾರು?"

"ಗೊತ್ತು. ಟೀ ಕುಡಿಯೋ ಹೊತ್ತಲ್ಲಿ ಆ ಹೆಸರು ಎತ್ತಲ್ಲ."

ಡಾಕ್ಟರು ನಕ್ಕು ಒಂದು ಗುರುತು ಹಾಕಿದರು. ಮೂರು ಪದ ಹೇಳಿ ನೆನಪಿಟ್ಟುಕೊಳ್ಳಲು ಹೇಳಿದ್ದರು: ಸೇಬು, ಮೇಜು, ಗಡಿಯಾರ. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು. ಅತ್ತೆ ಸೇಬು ಎಂದರು. ಮೇಜು ಎಂದರು. ಅಲ್ಲಿಗೆ ಮಾತು ನಿಂತಿತು. ಬೆರಳುಗಳು ಬಟ್ಟೆಯಂಚು ಹುಡುಕುವ ಹಾಗೆ ಏಪ್ರನ್ ಮೇಲೆ ಓಡಾಡಿದವು. ಡಾಕ್ಟರ ಬೆನ್ನ ಹಿಂದೆ ನಿಂತಿದ್ದ ನನ್ನ ತುಟಿ ತಾನಾಗಿಯೇ ಅಲ್ಲಾಡಿತು. ಗಡಿಯಾರ. ದನಿ ಇಲ್ಲದೆ, ಒಂದೊಂದೇ ಅಕ್ಷರ ಬಿಡಿಸಿ. ಅವರು ನೋಡಿದರು. ಓದಿದರು, ನನಗೆ ಗೊತ್ತು.

"ಮೂರನೇದು ನನಗೆ ನೆನಪಿಲ್ಲ ಡಾಕ್ಟರೇ," ಎಂದರು. "ನನ್ನ ಸೊಸೆ ಹಿಂದಿನಿಂದ ಹೇಳ್ಕೊಡ್ತಿದ್ದಾಳೆ. ಅದು ಲೆಕ್ಕಕ್ಕೆ ಬರಲ್ಲ."

ಇನ್ನೂ ಕೆಲವು ಹೀಗೇ ಹೋದವು. ಹೊರಡುವಾಗ ಡಾಕ್ಟರು ಬಾಗಿಲಲ್ಲಿ ನಿಂತು ಹೇಳಿದರು: ಭ್ರಮೆ ಇಲ್ಲ, ಚಿಲಕದ ಮಹಡಿಯ ಮಾತೇ ಇಲ್ಲ. ಆದರೆ ನೆನಪು ಹೋಗುತ್ತಿದೆ. ನಿಧಾನವಾಗಿ, ಆದರೆ ಹೋಗುತ್ತಿದೆ.

ನಾಳೆ ಬೀಚ್‌ವುಡ್‌ಗೆ ಫೋನ್ ಮಾಡಿ ಕೋಣೆ ಬೇಡ ಎನ್ನುತ್ತೇನೆ ಎಂದ ಡೆರೆಕ್. ನಾಳೆ ಮಾಡುವುದೇಕೆ, ಈಗಲೇ ಮಾಡು ಎಂದೆ. ಆ ಕಡೆ ಯಾರೂ ಫೋನ್ ಎತ್ತಲಿಲ್ಲ.

ಅಕ್ಟೋಬರ್ 15, ಮಂಗಳವಾರ

ಅತ್ತೆ ಫೋನಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದಾರೆ. ಮುಟ್ಟಲು ಬಿಡುತ್ತಿಲ್ಲ.

"ನಾನು ಹೋಗ್ತೀನಿ," ಎಂದರು.

ಡೆರೆಕ್‌ಗೆ ಅರ್ಥವಾಗಲಿಲ್ಲ. ನನಗೂ.

"ನಲ್ಲಿ ಕಚ್ಚಿದ್ದು ನಿಜ. ಗ್ಯಾಸ್ ಹಚ್ಚೋದು ಮರೆತಿದ್ದೂ ನಿಜ ಕಣೋ. ಮೊದಲನೇದು ಸಾಬೀತಾಯ್ತು ಅಂತ ಎರಡನೇದು ಸುಳ್ಳಾಗಲ್ಲ. ಮೂರನೇ ಪದ ನನಗೆ ಇನ್ನೂ ನೆನಪಾಗಿಲ್ಲ."

"ಗಡಿಯಾರ," ಎಂದೆ.

"ಹ್ಞಾ, ಅದೇ. ನಾಳೆ ಮತ್ತೆ ಹೋಗಿರುತ್ತೆ."

ನಾನು ವಾದ ಮಾಡಿದೆ. ಮುಂದಿನ ಕೋಣೆಗೆ ಹೊಸ ಪರದೆ ಹೊಲಿದುಕೊಡುತ್ತೇನೆ ಎಂದೆ. ಸ್ಕೂಲಿನ ಕೆಲಸ ಬಿಟ್ಟರೂ ನಡೆಯುತ್ತದೆ ಎಂದೆ. ಅವರು ಎಲ್ಲ ಕೇಳಿಸಿಕೊಂಡು, ಮಗುವಿಗೆ ಹೇಳುವ ಹಾಗೆ ಹೇಳಿದರು:

"ಹುಚ್ಚಿ ಅಂತ ನೀವು ಕಳಿಸಿದ್ರೆ ಬಾಗಿಲಿಗೆ ಕಾಲು ಕೊಟ್ಟು ನಿಲ್ತಿದ್ದೆ. ನಾನಾಗೇ ಪೆಟ್ಟಿಗೆ ಕಟ್ಕೊಂಡು ಹೋಗೋದು ಬೇರೆ. ಹೋಗ್ತೀನಿ ಅನ್ನೋ ಬುದ್ಧಿ ಇರೋವಾಗ್ಲೇ ಹೋಗ್ಬೇಕು. ಆಮೇಲೆ ಅದೂ ಇರಲ್ಲ. ಅಲ್ಲಿ ಕೆಳಗಿನ ಮಹಡೀಲಿ ಏಡಾ ಇದ್ದಾಳೆ, ನನ್ನ ಪಕ್ಕದ ಮಗ್ಗದೋಳು. ಮೂವತ್ತು ವರ್ಷದ ಜಗಳ ಬಾಕಿ ಇದೆ."

ಡೆರೆಕ್ ಎದ್ದು ಹೊರಗೆ ಹೋದ. ನಾನು ಆಲೂಗಡ್ಡೆ ಸಿಪ್ಪೆ ತೆಗೆಯಲು ಕೂತೆ, ಎರಡು ದಿನಕ್ಕಾಗುವಷ್ಟು ತೆಗೆದೆ.

ಅಕ್ಟೋಬರ್ 27, ಭಾನುವಾರ

ಬಿಟ್ಟು ಬಂದೆವು. ಕಿಟಕಿಯಿಂದ ಬೆಟ್ಟ ಕಾಣುತ್ತದೆ. ಬರೆಯಲು ಮನಸ್ಸಿಲ್ಲ.

ನವೆಂಬರ್ 6, ಬುಧವಾರ

ಪಾರ್ಕಿನ್ ಮಾಡಿದ್ದೆ. ನಿನ್ನೆ ವರ್ಷದ ಬೆಂಕಿ ಹಬ್ಬ, ಬೀದಿಯವರೆಲ್ಲ ಸೌದೆ ರಾಶಿಗೆ ಬೆಂಕಿ ಹಾಕಿ ಪಟಾಕಿ ಸುಟ್ಟರು. ಈ ಶುಂಠಿ ಕೇಕಿಲ್ಲದೆ ನಮ್ಮ ಕಡೆ ಆ ರಾತ್ರಿ ಕಳೆಯುವುದಿಲ್ಲ. ಡಬ್ಬಿ ತುಂಬಿಕೊಂಡು ಬಸ್ಸಿನಲ್ಲಿ ಬೀಚ್‌ವುಡ್‌ಗೆ ಹೋದೆ. ಹೋದ ವಾರವೂ ಎರಡು ಸಲ ಹೋಗಿದ್ದೆ, ದಾರಿ ಹತ್ತಿರವೇ.

ಹಾಲಿನ ಈ ತುದಿಯಲ್ಲಿ ಅತ್ತೆ, ಆ ತುದಿಯಲ್ಲಿ ಏಡಾ. ಇಬ್ಬರೂ ದನಿಯಿಲ್ಲದೆ ತುಟಿಯಲ್ಲೇ ಮಾತಾಡುತ್ತಾರೆ, ಮಧ್ಯೆ ಕೂತವರು ಟಿ.ವಿ. ನೋಡುತ್ತಾರೆ. ನಾನು ಒಳಗೆ ಬಂದದ್ದೇ ಏಡಾ ನನ್ನ ಕಡೆ ನೋಡಿ ಏನೋ ಅಂದಳು, ಅತ್ತೆ ಬಿದ್ದು ಬಿದ್ದು ನಕ್ಕರು.

"ಏನಂದ್ರು?" ಎಂದೆ.

"ನಿನ್ನ ಟೋಪಿ ವಿಷಯ. ಹೇಳಲ್ಲ."

ಪಾರ್ಕಿನ್ ಒಂದು ದಿನ ಹೆಚ್ಚು ಇಟ್ಟಿದ್ದರೆ ಮೆತ್ತಗಾಗುತ್ತಿತ್ತು ಎಂದರು. ಎರಡು ತುಂಡು ತಿಂದರು.

ನವೆಂಬರ್ 24, ಭಾನುವಾರ

ಮಧ್ಯಾಹ್ನ ಊಟದ ಹೊತ್ತಿಗೆ ಅತ್ತೆಯ ಫೋನು. ದನಿ ಸಣ್ಣಗಿತ್ತು. ತಮ್ಮ ಮಂಚದ ಹಿಂದಿನ ಗೋಡೆಯೊಳಗೆ ಯಾರೋ ಸಿಳ್ಳೆ ಹಾಕುತ್ತಾರಂತೆ. ಟೀ ಹೊತ್ತಿಗೆ ಶುರುವಾಗುತ್ತದಂತೆ, ಮಗ್ಗದ ಮನೆಯ ಮೇಸ್ತ್ರಿ ಹಾಕುತ್ತಿದ್ದ ಹಾಗೇ ಇದೆಯಂತೆ. ಆ ಮೇಸ್ತ್ರಿ ಸತ್ತು ಎಷ್ಟೋ ವರ್ಷವಾಯಿತು.

"ಗೊತ್ತು ಕಣೆ, ಹೀಗಂದ್ರೆ ಹೇಗಿರುತ್ತೆ ಅಂತ," ಎಂದರು. "ಆದ್ರೆ ಕೇಳಿಸುತ್ತೆ."

ಡೆರೆಕ್ ಫೋರ್ಕು ಕೆಳಗಿಟ್ಟು, ಬೇಸರದಿಂದ ತಲೆ ಅಲ್ಲಾಡಿಸಿದ. ಶುರುವಾಯಿತು ಎಂದ. ನಾನು ಕೋಟು ಹಾಕಿಕೊಂಡೆ.

ಬೀಚ್‌ವುಡ್‌ನಲ್ಲಿ ನೋಡಿಕೊಳ್ಳುವ ಹುಡುಗಿ, ಒಳ್ಳೆಯವಳೇ, ಓಣಿಯಲ್ಲಿ ನನ್ನನ್ನು ನಿಲ್ಲಿಸಿದಳು. "ಒಂದು ವಾರದಿಂದ ಹೇಳ್ತಿದ್ದಾರೆ ಆಂಟಿ. ಏನೂ ಇಲ್ಲ. ನಾವು ಹೌದು ಹೌದು ಅಂದ್ಬಿಡ್ತೀವಿ, ಸುಮ್ನಾಗ್ತಾರೆ."

"ಹೌದು ಹೌದು ಅನ್ಬೇಡಮ್ಮ," ಎಂದೆ. "ನೀನು ಹೋಗಿ ಕೇಳಿಸ್ಕೊಂಡ್ಯಾ?"

ಅವಳು ಇಲ್ಲವೆಂದಳು.

ಅತ್ತೆ ಕುರ್ಚಿಯಲ್ಲಿ ಕೂತು ಗೋಡೆಯನ್ನೇ ನೋಡುತ್ತಿದ್ದರು. ನನ್ನನ್ನು ಕಂಡು ಒಮ್ಮೆಗೆ ಹೆಸರು ಸಿಗಲಿಲ್ಲ. ಆಮೇಲೆ ಸಿಕ್ಕಿತು. ಎಲ್ಲಿ ಎಂದು ಕೇಳಿದೆ. ಮಂಚದ ತಲೆಯ ಕಡೆ, ಕೆಳಗೆ ತೋರಿಸಿದರು. ಮಂಚ ಎಳೆದೆ, ಶೂ ಬಿಚ್ಚಿಟ್ಟು ನೆಲದ 
ಮೇಲೆ ಮಂಡಿಯೂರಿ ಗೋಡೆಗೆ ಕಿವಿ ಇಟ್ಟೆ. ಪಕ್ಕದ ಕೋಣೆಯ ಕೆಮ್ಮು ಕೇಳಿಸಿತು. ಎಲ್ಲೋ ಟೀ ಗಾಡಿಯ ಗಾಲಿ. ಸಿಳ್ಳೆ ಇಲ್ಲ. ಕಿವಿ ಬದಲಾಯಿಸಿದೆ. ಹೊರಗೆ ಕತ್ತಲಾಗುತ್ತಾ ಬಂತು, ನನ್ನ ಬಸ್ಸು ಹೋಯಿತು, ಇನ್ನೊಂದು ಬರುತ್ತದೆ.

"ಕೇಳಿಸ್ತಾ?" ಎಂದರು ಅತ್ತೆ, ಕುರ್ಚಿಯ ಅಂಚಿಗೆ ಬಂದು.

"ಇನ್ನೂ ಇಲ್ಲ ಅತ್ತೆ," ಎಂದೆ. "ಸ್ವಲ್ಪ ತಡೀರಿ."